ಗುರುತೂ ಒಂದು ಅಮಾನತು

ಅಪರಿಚಿತನೊಬ್ಬ ನಿಮ್ಮ ಮನೆಯ ಕದ ತಟ್ಟಿ, “ನಿಮ್ಮ ಕಪಾಟಿನ ಬೀಗದ ಕೈ ಕೊಡಿ, ಒಳಗೆ ಏನೇನಿದೆಯೆಂದು ಬರೆದುಕೊಂಡು ಹೋಗುತ್ತೇನೆ” ಎಂದರೆ ನೀವು ಕೊಡುವಿರಾ? ಖಂಡಿತ ಕೊಡಲಾರಿರಿ. ಆದರೆ ಕಳೆದ ಒಂದು ವರ್ಷದಲ್ಲಿ ನಿಮ್ಮ ಆಧಾರ್ ಕಾರ್ಡಿನ ಝೆರಾಕ್ಸ್ ಪ್ರತಿಯನ್ನು ಎಷ್ಟು ಮಂದಿಗೆ ಕೊಟ್ಟಿದ್ದೀರಿ? ಸಿಮ್ ಮಾರುವ ಅಂಗಡಿಗೆ ಒಂದು, ಲಾಡ್ಜಿಗೆ ಒಂದು, ಸೊಸೈಟಿಯ ಸಾಲಕ್ಕೆ ಒಂದು, ಮಗುವಿನ ಶಾಲೆಗೆ ಒಂದು. ಆ ಪ್ರತಿಗಳು ಈಗ ಎಲ್ಲಿವೆ? ಯಾರ ಮೇಜಿನ ಖಾನೆಯಲ್ಲಿವೆ? ಯಾವ ಅಂಗಡಿಯಲ್ಲಿ ಕಡಲೆ ಕಟ್ಟುವ ಕಾಗದವಾಗಿವೆ?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ನಿಮ್ಮ ಮುಂದಿಡದೆ ಈ ವಿಷಯ ಬರೆಯುವ ಅಧಿಕಾರ ನನಗಿಲ್ಲವೆಂದು ಭಾವಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ರಮಝಾನ್ ತಿಂಗಳಲ್ಲಿ ಕುಂದಾಪುರದ ಸಮೀಪದ ನಮ್ಮ ಮೊಹಲ್ಲಾದಲ್ಲಿ ಬಡ ಕುಟುಂಬಗಳಿಗೆ ಅಕ್ಕಿ, ಎಣ್ಣೆ, ಖರ್ಜೂರದ ಕಿಟ್ ಹಂಚುವ ಏರ್ಪಾಡು ಮಾಡಿದೆವು. ಒಂದೇ ಮನೆಗೆ ಎರಡು ಬಾರಿ ಹೋಗಬಾರದೆಂದು ಪ್ರತಿ ಮನೆಯಿಂದಲೂ ಆಧಾರ್ ಪ್ರತಿ, ರೇಷನ್ ಕಾರ್ಡಿನ ಪ್ರತಿ, ಫೋನ್ ನಂಬರ್ ಪಡೆದೆವು. ಪಟ್ಟಿಯಲ್ಲಿ ‘ಕಾರಣ’ ಎಂಬ ಕಲಮನ್ನೂ ನಾನೇ ಸೇರಿಸಿದೆ. ವಿಧವೆ, ಕಾಯಿಲೆ, ಸಾಲ ಎಂದು ಒಂದೊಂದು ಮನೆಯ ಕಷ್ಟವೂ ಅದರಲ್ಲಿ ಒಂದೊಂದು ಪದವಾಯಿತು. ಯಾವ ಮನೆಯೂ ಬಿಟ್ಟುಹೋಗಬಾರದೆಂಬ ಸದುದ್ದೇಶದಿಂದ ಆ ಪಟ್ಟಿಯನ್ನು ಸಮಿತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಎರಡೇ ದಿನಗಳಲ್ಲಿ ಅದು ಗಂಗೊಳ್ಳಿ ದಾಟಿ ಬೈಂದೂರಿಗೆ ಹೋಯಿತು, ದುಬೈಯಲ್ಲಿರುವ ನಮ್ಮೂರವರ ಫೋನುಗಳಿಗೂ ತಲುಪಿತು.

ಪಟ್ಟಿಯಲ್ಲಿದ್ದ ಒಬ್ಬ ಸಹೋದರಿಯ ಹೆಸರಿನ ಮುಂದೆ, ಗಂಡ ಬಿಟ್ಟುಹೋಗಿದ್ದಾನೆ, ಸಾಲವಿದೆ ಎಂದು ಬರೆದಿತ್ತು. ಅವರ ಮಗಳಿಗೆ ಬ್ರಹ್ಮಾವರದ ಕಡೆಯ ಒಂದು ಮನೆಯಿಂದ ಸಂಬಂಧದ ಮಾತುಕತೆ ನಡೆಯುತ್ತಿತ್ತು. ಅದು ಮುಂದುವರಿಯಲಿಲ್ಲ. ಪಟ್ಟಿಯೇ ಕಾರಣವೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆಕೆ ಕಿಟ್ಟನ್ನು ಮರಳಿ ತಂದು ನನ್ನ ಮನೆಯ ಜಗಲಿಯ ಮೇಲಿಟ್ಟರು. “ಮಾಸ್ಟ್ರೇ, ಹೊಟ್ಟಿಗೆ ಕೊಟ್ರಿ, ಮರ್ಯಾದಿ ತೆಗ್ದ್ರಿ” ಎಂದರು. ನಾನು ಕ್ಷಮೆ ಬೇಡಿದೆ. “ನಾ ಮಾಫ್ ಮಾಡಿದೆ, ಆದ್ರೆ ಪಟ್ಟಿ ವಾಪಸ್ ಬತ್ತಾ?” ಎಂದು ಕೇಳಿ ಹೊರಟುಹೋದರು.

ನಾನು ಸುಳ್ಳು ಬರೆದಿರಲಿಲ್ಲ. ಯಾರಿಗೂ ಕೇಡು ಬಯಸಿರಲಿಲ್ಲ. ಆ ವಿವರಗಳನ್ನು ಅವರೇ ತಮ್ಮ ಬಾಯಿಯಿಂದ ಹೇಳಿದ್ದರು. ಹಾಗಾದರೆ ತಪ್ಪು ಎಲ್ಲಿ ನಡೆಯಿತು?

ಸೊತ್ತೋ, ಅಮಾನತೋ?

ಒಬ್ಬ ಮನುಷ್ಯನ ಹೆಸರು, ಹುಟ್ಟಿದ ದಿನಾಂಕ, ಬೆರಳಚ್ಚು, ಕಾಯಿಲೆ, ಸಾಲ ಇವು ಯಾರಿಗೆ ಸೇರಿದವು? ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಬರೆದುಕೊಂಡವನಿಗೆ ಸೇರಿದ್ದು ಎಂಬುದು ಮೊದಲನೆಯದು. ರಿಜಿಸ್ಟರ್ ನನ್ನದು, ಶಾಯಿ ನನ್ನದು, ಆದುದರಿಂದ ಅದರಲ್ಲಿರುವುದೂ ನನ್ನದು ಎಂಬ ಭಾವನೆ ನಮ್ಮ ಕಚೇರಿಗಳಲ್ಲೂ ಕಂಪೆನಿಗಳಲ್ಲೂ ಬೇರೂರಿದೆ. ಆ ದಿನ ನನ್ನ ತಲೆಯಲ್ಲಿದ್ದುದೂ ಅದೇ.

ವಿವರ ಕೊಟ್ಟವನ ಖಾಸಗಿ ಸೊತ್ತು, ಗದ್ದೆ ತೋಟಗಳಂತೆ ಎಂಬುದು ಎರಡನೆಯದು. ಕೇಳಲು ಇದು ಚೆನ್ನಾಗಿದೆ. ಆದರೆ ಸೊತ್ತೆಂದ ಮೇಲೆ ಮಾರಲೂ ಬಹುದಲ್ಲವೇ? ಉಳ್ಳವನು ತನ್ನ ವಿವರವನ್ನು ಬೀಗ ಹಾಕಿ ಇಟ್ಟುಕೊಂಡಾನು, ಇಲ್ಲದವನು ಹತ್ತು ರೂಪಾಯಿ ರಿಯಾಯಿತಿಗಾಗಿ ಅದನ್ನು ಮಾರಿಯಾನು. ಅಷ್ಟೇ ಅಲ್ಲ, ನನ್ನ ವಿವರ ನನ್ನೊಬ್ಬನದೇ ಅಲ್ಲ. ನನ್ನ ವಿಳಾಸ ನನ್ನ ಹೆಂಡತಿ ಮಕ್ಕಳ ವಿಳಾಸವೂ ಹೌದು. ತಾಯಿಯ ಸಾಲವೆಂದು ನಾನು ಬರೆದ ಒಂದು ಪದ ಮಗಳ ಮದುವೆಯ ಬಾಗಿಲಿಗೆ ಹೋಗಿ ನಿಂತಿತು.

ಈ ಎರಡು ಉತ್ತರಗಳಿಗಿಂತ ಹಳೆಯದೂ ಗಟ್ಟಿಯಾದುದೂ ಆದ ಮೂರನೆಯದೊಂದಿದೆ. ಅದು ಅಮಾನತು. ಅಮಾನತು ಇಟ್ಟುಕೊಂಡವನು ಒಡೆಯನಲ್ಲ. ಯಾವ ಉದ್ದೇಶಕ್ಕೆ ಕೊಡಲಾಗಿದೆಯೋ ಅದಕ್ಕೇ ಬಳಸಬೇಕು. ಕೊಟ್ಟವನ ಅನುಮತಿಯಿಲ್ಲದೆ ಮೂರನೆಯವನ ಕೈಗೆ ದಾಟಿಸಬಾರದು. ಕೇಳಿದಾಗ ಹಿಂತಿರುಗಿಸಬೇಕು. ತನ್ನ ತಪ್ಪಿಲ್ಲದೆ ಅಮಾನತು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ, ಆದರೆ ಅಸಡ್ಡೆ ಮಾಡಿದರೆ ಅಥವಾ ಉದ್ದೇಶ ಮೀರಿ ಬಳಸಿದರೆ ಹೊಣೆಗಾರನೆಂದು ಫಿಕ್‌ಹ್ ವಿದ್ವಾಂಸರು ಹೇಳುತ್ತಾರೆ. ಚಿನ್ನದ ಬಳೆಗೆ ಅನ್ವಯಿಸುವ ಈ ಮಾತು ಒಬ್ಬಾಕೆಯ ಕಷ್ಟದ ಕಥೆಗೆ ಅನ್ವಯಿಸಲಾರದೇ? ಬಳೆಯನ್ನಾದರೂ ಹೊಸತು ಮಾಡಿಸಿಕೊಡಬಹುದು, ಹರಡಿದ ಪಟ್ಟಿಯನ್ನು ಹಿಂದಕ್ಕೆ ತರಲಾಗದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕನ್ನಡನಾಡಿನ ಒಬ್ಬ ವೃದ್ಧರ ಪ್ರಶ್ನೆ

ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಇಟ್ಟವರು ನಮ್ಮ ಕರ್ನಾಟಕದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅಂದು ಆಧಾರಿಗೆ ಸಂಸತ್ತು ಮಾಡಿದ ಕಾನೂನಿನ ಬೆಂಬಲವಿರಲಿಲ್ಲ, ಅದು ಬಂದದ್ದು 2016ರಲ್ಲಿ. ವಿಚಾರಣೆಯ ನಡುವೆ ಮೂಲಭೂತವಾದ ಒಂದು ಪ್ರಶ್ನೆ ಎದ್ದಿತು: ಈ ದೇಶದ ಪ್ರಜೆಗೆ ಖಾಸಗಿತನವೆಂಬ ಹಕ್ಕು ಇದೆಯೇ? 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಒಮ್ಮತದಿಂದ, ಅದು ಸಂವಿಧಾನದ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ಬಹುಮತದಿಂದ ಆಧಾರನ್ನು ಎತ್ತಿಹಿಡಿಯಿತಾದರೂ, ಖಾಸಗಿ ಕಂಪೆನಿಗಳು ಅದನ್ನು ಬಳಸಲು ಅವಕಾಶ ನೀಡಿದ್ದ ಕಲಮನ್ನು ರದ್ದುಗೊಳಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು. ತನ್ನ ಬೆರಳಚ್ಚು ಯಾರ ಕೈಸೇರುತ್ತದೆಂದು ಕೇಳುವುದು ಪ್ರಜೆಯ ಹಕ್ಕು ಎಂಬ ಮಾತು ಅವರ ಹೆಸರಿನ ತೀರ್ಪಿನೊಂದಿಗೆ ಉಳಿದಿದೆ.

ಇದು ದಿಲ್ಲಿಯ ವಕೀಲರ ವಾದವಷ್ಟೇ ಎಂದು ತಿಳಿಯಬೇಡಿ. 2023ರಲ್ಲಿ ನಮ್ಮ ಪಕ್ಕದ ಮಂಗಳೂರಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ಅರಿವಿಲ್ಲದೆಯೇ ಹಣ ಮಾಯವಾಯಿತು. ಒ.ಟಿ.ಪಿ. ಯಾರಿಗೂ ಹೇಳಿರಲಿಲ್ಲ, ಕಾರ್ಡು ಕಳೆದಿರಲಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು. ಪೊಲೀಸರು ಕೊನೆಗೆ ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಬೀಗದ ಕೈ ಕಳೆದರೆ ಬೀಗ ಬದಲಿಸಬಹುದು. ಬೆರಳು ಕಳವಾದರೆ ಬೆರಳನ್ನು ಬದಲಿಸುವುದು ಹೇಗೆ?

ಅದಕ್ಕೂ ಮೊದಲು, 2022ರ ಮೇ ತಿಂಗಳಲ್ಲಿ, ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಆಧಾರಿನ ಝೆರಾಕ್ಸನ್ನು ಕಂಡಕಂಡಲ್ಲಿ ಕೊಡಬೇಡಿರೆಂದು ಜನರಿಗೆ ಪ್ರಕಟಣೆ ನೀಡಿತು. ಎರಡೇ ದಿನಗಳಲ್ಲಿ, ತಪ್ಪು ಅರ್ಥ ಬರಬಹುದೆಂದು ಸರಕಾರ ಅದನ್ನು ಹಿಂತೆಗೆದುಕೊಂಡು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕೆಂದಿತು. ಆ ಎಚ್ಚರಿಕೆ ವಹಿಸಬೇಕಾದವರು ಯಾರು? ಕೊಡುವವನೇ? ಪಡೆದುಕೊಂಡವನೇ?

ಸನದಿನ ಪಾಠ

ಈ ಸಮಸ್ಯೆಗೆ ಜಗತ್ತಿನ ತಂತ್ರಜ್ಞರು ಒಂದು ಹೊಸ ದಾರಿ ಹುಡುಕಿದ್ದಾರೆ. ಅದಕ್ಕೆ ವಿಕೇಂದ್ರೀಕೃತ ಡಿಜಿಟಲ್ ಗುರುತು ಎನ್ನುತ್ತಾರೆ. ಹೆಸರು ದೊಡ್ಡದಾದರೂ ವಿಷಯ ಸರಳ. ಮದ್ರಸದಲ್ಲಿ ಓದಿದವರಿಗಂತೂ ಅದು ಹೊಸತೇ ಅಲ್ಲ.

ನಾನು ಓದು ಮುಗಿಸಿದಾಗ ಉಸ್ತಾದರು ಸಹಿ ಹಾಕಿ, ಮೊಹರೊತ್ತಿ ಸನದು ಕೊಟ್ಟರು. ಅದು ನನ್ನ ಪೆಟ್ಟಿಗೆಯಲ್ಲಿದೆ. ಕೆಲಸ ಕೇಳಲು ಹೋದಾಗ ನಾನೇ ಅದನ್ನು ತೋರಿಸಿದೆ. ನೋಡಿದವರು ಮೊಹರನ್ನು ಗುರುತಿಸಿ ನಂಬಿದರು. ಯಾರೂ ಪ್ರತಿ ಬಾರಿ ಉಸ್ತಾದರಿಗೆ ಪತ್ರ ಬರೆದು ವಿಚಾರಿಸಬೇಕಾಗಲಿಲ್ಲ. ಹಾಗಾಗಿ ನಾನು ಎಲ್ಲೆಲ್ಲಿ ಕೆಲಸ ಕೇಳಿದೆ, ಯಾರು ಒಲ್ಲೆನೆಂದರು ಎಂಬುದು ಉಸ್ತಾದರಿಗೂ ತಿಳಿಯಲಿಲ್ಲ. ಇಲ್ಲಿ ಮೂವರಿದ್ದಾರೆ: ಕೊಟ್ಟವರು, ಇಟ್ಟುಕೊಂಡವನು, ನೋಡಿದವರು. ಕಾಗದ ಇಟ್ಟುಕೊಂಡವನ ಕೈಯಲ್ಲೇ ಇರುತ್ತದೆ.

ಹೊಸ ವ್ಯವಸ್ಥೆಯೂ ಹೀಗೆಯೇ. ನಿಮ್ಮ ಫೋನಿನಲ್ಲಿ ಒಂದು ಗುಪ್ತ ಕೀಲಿ ಇರುತ್ತದೆ, ಅದು ಹೊರಗೆ ಹೋಗುವುದಿಲ್ಲ. ಅದಕ್ಕೆ ಜೋಡಿಯಾಗಿ ಎಲ್ಲರಿಗೂ ತೋರಿಸಬಹುದಾದ ಬಹಿರಂಗ ಕೀಲಿಯೊಂದಿರುತ್ತದೆ. ವಿಶ್ವವಿದ್ಯಾಲಯವೋ ಸರಕಾರವೋ ನಿಮಗೆ ಕೊಡುವ ಪ್ರಮಾಣಪತ್ರಕ್ಕೆ ತನ್ನ ಡಿಜಿಟಲ್ ಸಹಿ ಹಾಕುತ್ತದೆ. ನೋಡುವವನು ಆ ಸಹಿಯನ್ನು ಗಣಿತದ ಮೂಲಕ ಪರೀಕ್ಷಿಸುತ್ತಾನೆ. ಒಂದೇ ಒಂದು ದೊಡ್ಡ ಗೋದಾಮಿನಲ್ಲಿ ಎಲ್ಲರ ವಿವರ ರಾಶಿ ಹಾಕಬೇಕಾಗಿಲ್ಲ. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ 2022ರ ಜುಲೈಯಲ್ಲಿ ಈ ಬಗೆಯ ಗುರುತಿಗೆ ಮಾನದಂಡವನ್ನು ಅಂಗೀಕರಿಸಿತು. ನಮ್ಮ ನೆರೆಯ ಭೂತಾನ್ ದೇಶ 2023ರಲ್ಲಿ ತನ್ನ ಪ್ರಜೆಗಳಿಗೆ ಇದೇ ತತ್ವದ ರಾಷ್ಟ್ರೀಯ ಗುರುತನ್ನು ಆರಂಭಿಸಿತು. ಬೆಂಗಳೂರಿನ ಐ.ಐ.ಐ.ಟಿ.ಯಲ್ಲಿ 2018ರಲ್ಲಿ ಹುಟ್ಟಿದ ‘ಮೋಸಿಪ್’ ಎಂಬ ಮುಕ್ತ ತಂತ್ರಾಂಶವನ್ನು ಮೊರಾಕೊ, ಫಿಲಿಪ್ಪೀನ್ಸ್‌ನಂತಹ ದೇಶಗಳು ತಮ್ಮ ಗುರುತಿನ ವ್ಯವಸ್ಥೆಗೆ ಬಳಸಿಕೊಂಡಿವೆ. ಪ್ರಮಾಣಪತ್ರಗಳನ್ನು ಪ್ರಜೆಯ ಫೋನಿನಲ್ಲೇ ಇಡುವ ಕೆಲಸಕ್ಕೂ ಅಲ್ಲಿಯವರು ಕೈಹಾಕಿದ್ದಾರೆ.

ಇದರಿಂದಾಗುವ ಲಾಭವನ್ನು ಒಂದು ಉದಾಹರಣೆಯಿಂದ ನೋಡೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಮ್ಮ ರಾಜ್ಯದ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ನಮ್ಮ ಕಡೆ, ಕುಂದಾಪುರದಿಂದ ಬೈಂದೂರಿಗೆ ಹೋಗುವ ಸರಕಾರಿ ಬಸ್ಸು ಸಿಕ್ಕಿತೆಂದಿಟ್ಟುಕೊಳ್ಳಿ. ಕಂಡಕ್ಟರರಿಗೆ ತಿಳಿಯಬೇಕಾದುದು ಇಷ್ಟೇ: ಈಕೆ ಕರ್ನಾಟಕದ ನಿವಾಸಿ ಹೌದೋ ಅಲ್ಲವೋ? ಆದರೆ ಅದಕ್ಕಾಗಿ ಆಕೆ ತೋರಿಸುವ ಆಧಾರ್ ಕಾರ್ಡಿನಲ್ಲಿ ಹೆಸರು, ಹುಟ್ಟಿದ ದಿನಾಂಕ, ಮನೆಯ ವಿಳಾಸ, ಹನ್ನೆರಡು ಅಂಕೆಗಳ ಸಂಖ್ಯೆ ಎಲ್ಲವೂ ಇವೆ. ಹೊಸ ಬಗೆಯ ಗುರುತಿನಲ್ಲಿ ‘ಹೌದು’ ಎಂಬ ಒಂದೇ ಉತ್ತರವನ್ನು, ಸರಕಾರದ ಸಹಿಯೊಂದಿಗೆ, ತೋರಿಸಬಹುದು. ಉಳಿದುದೆಲ್ಲ ಮುಚ್ಚಿಯೇ ಇರುತ್ತದೆ. 2025ರಲ್ಲಿ ಬಂದ ಹೊಸ ಆಧಾರ್ ಆ್ಯಪಿನಲ್ಲೂ ಬೇಕಾದ ವಿವರವನ್ನಷ್ಟೇ ತೋರಿಸುವ ಸೌಕರ್ಯವಿದೆ, ಮೂಲ ದಾಖಲೆ ಮಾತ್ರ ಕೇಂದ್ರದ ಒಂದೇ ಗೋದಾಮಿನಲ್ಲಿದೆ.

ಅನ್ಯರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂಬ, ಮರಳಿ ಹೋಗಿರೆಂದರೆ ಮರಳಬೇಕೆಂಬ ಬೋಧನೆ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿದೆ. ಅನುಮತಿ ಸಿಕ್ಕಿದವನೂ ಜಗಲಿಯವರೆಗೆ ಕರೆದರೆ ಜಗಲಿಯವರೆಗೇ ಹೋಗುತ್ತಾನೆ, ಅಡುಗೆಮನೆಗೆ ನುಗ್ಗುವುದಿಲ್ಲ. ಈ ಶಿಷ್ಟಾಚಾರವನ್ನು ಯಂತ್ರಕ್ಕೂ ಕಲಿಸುವ ಪ್ರಯತ್ನವೇ ಇದು ಎಂದು ನನಗನಿಸುತ್ತದೆ. ಆದುದರಿಂದ ನಾನಿದನ್ನು ಸ್ವಾಗತಿಸುತ್ತೇನೆ.

ಕೀಲಿ ಕೈಯಲ್ಲಿದ್ದರೆ ಸಾಕೇ?

ಆದರೆ ವಾಚಕರೇ, ಇಲ್ಲಿಗೇ ನಿಂತರೆ ನಾವು ಮೋಸಹೋಗುತ್ತೇವೆ. ಶಿರೂರು, ಗಂಗೊಳ್ಳಿ, ಬೈಂದೂರುಗಳಿಂದ ಗಲ್ಫಿಗೆ ಹೋದವರನ್ನು ಕೇಳಿ ನೋಡಿ. ಪಾಸ್‌ಪೋರ್ಟಿನಲ್ಲಿ ಫೋಟೋ ನಮ್ಮದು, ಹೆಸರು ನಮ್ಮದು. ಆದರೆ ಎಷ್ಟೋ ಮಂದಿಯ ಪಾಸ್‌ಪೋರ್ಟ್ ವರ್ಷಗಟ್ಟಲೆ ಮಾಲಕರ ಕಪಾಟಿನಲ್ಲಿತ್ತು. ಅಲ್ಲಿನ ಕಾನೂನುಗಳು ಅದನ್ನು ನಿಷೇಧಿಸಿದ ಮೇಲೂ ಹಾಗೆ ನಡೆದುದುಂಟು. ನನ್ನ ಪರಿಚಯದ ಒಬ್ಬರಿಗೆ ತಂದೆಯ ಜನಾಝಕ್ಕೆ ಬರಲಾಗಲಿಲ್ಲ, ಪಾಸ್‌ಪೋರ್ಟ್ ಕೈಗೆ ಸಿಗುವಾಗ ಹನ್ನೊಂದು ದಿನಗಳು ಕಳೆದಿದ್ದವು. “ನೀವೇ ಅಲ್ಲವೇ ಸಹಿ ಹಾಕಿ ಕೊಟ್ಟದ್ದು?” ಎಂದು ಕೇಳಿದರೆ ಅವರು ನಗುತ್ತಾರೆ. ಕೊಡದಿದ್ದರೆ ಕೆಲಸವಿರಲಿಲ್ಲ. ಕೆಲಸವಿಲ್ಲದಿದ್ದರೆ ಊರಲ್ಲಿ ಅನ್ನವಿರಲಿಲ್ಲ.

ಒಪ್ಪಿಗೆ ಎಂಬ ಪದದ ದೌರ್ಬಲ್ಯ ಇದೇ. ‘ನಾನು ಸಮ್ಮತಿಸುತ್ತೇನೆ’ ಎಂಬಲ್ಲಿ ಬೆರಳಿಡದಿದ್ದರೆ ಆ್ಯಪ್ ತೆರೆಯುವುದಿಲ್ಲ, ಸಾಲ ಸಿಗುವುದಿಲ್ಲ, ಸಿಮ್ ಸಿಗುವುದಿಲ್ಲ. ಒಲ್ಲೆ ಎನ್ನಲು ಸಾಧ್ಯವಿಲ್ಲದಲ್ಲಿ ಹೌದು ಎಂಬುದಕ್ಕೆ ಏನರ್ಥ? ಕೀಲಿ ನಮ್ಮ ಕೈಯಲ್ಲೇ ಇರಬಹುದು. ಆದರೆ ಹಸಿದವನ ಮುಂದೆ ಅನ್ನದ ತಟ್ಟೆಯಿಟ್ಟು ಬಾಗಿಲು ತೆರೆ ಎಂದರೆ ಅವನು ತೆರೆಯದೆ ಇರಬಲ್ಲನೇ? ಆ ಸಹೋದರಿ ತನ್ನ ಕಷ್ಟವನ್ನು ನನಗೆ ಹೇಳಿದ್ದೂ ಅಂತಹದೇ ಒಪ್ಪಿಗೆ. ಅಕ್ಕಿ ಬೇಕಾಗಿತ್ತು, ಆದುದರಿಂದ ಹೇಳಿದರು.

ಇನ್ನೊಂದು ಮಾತು. ಫೋನನ್ನೇ ಬಳಸಲು ಬಾರದ ನಮ್ಮ ಅಜ್ಜಿಯರ ಗತಿಯೇನು? ಗುಪ್ತ ಕೀಲಿಯಿರುವ ಫೋನು ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಯಿಂದ ನೀರಿಗೆ ಬಿದ್ದರೆ ಆ ಮೀನುಗಾರನ ಗುರುತೂ ಮುಳುಗಬೇಕೇ? ಮೊಮ್ಮಗನ ಫೋನಿನಲ್ಲಿ ಅಜ್ಜಿಯ ಗುರುತಿದ್ದರೆ ನಿಯಂತ್ರಣ ಯಾರದ್ದು? ಎಲ್ಲ ಅಧಿಕಾರ ನಿನಗೇ ಕೊಟ್ಟಿದ್ದೇವೆ ಎಂದು ಹೇಳಿ, ಎಲ್ಲ ಹೊಣೆಯನ್ನೂ ಬಲಹೀನನ ಹೆಗಲಿಗೆ ದಾಟಿಸುವುದು ನ್ಯಾಯವಲ್ಲ. ಹೊಸ ವ್ಯವಸ್ಥೆ ಬಂದರೂ ಕಾಗದದ ದಾರಿ, ಮನುಷ್ಯನ ಮುಖ ನೋಡಿ ಕೊಡುವ ದಾರಿ ತೆರೆದಿರಲೇಬೇಕು.

ದೇಶದಲ್ಲಿ ಕಾನೂನು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕಿರಬೇಕು, ಅಗತ್ಯವಿದ್ದಷ್ಟೇ ವಿವರಕ್ಕಿರಬೇಕು ಎನ್ನುತ್ತದೆ. ವಿವರವನ್ನು ಅಳಿಸಿಹಾಕುವಂತೆ ಕೇಳುವ ಹಕ್ಕನ್ನೂ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಅವಧಿಯಿಟ್ಟಿದ್ದಾರೆ. ಆದರೆ ಸರಕಾರವು ತನಗೇ ಹಲವು ವಿನಾಯಿತಿಗಳನ್ನು ಇಟ್ಟುಕೊಂಡಿದೆ. ಇಲ್ಲಿ ಖಲೀಫಾ ಉಮರ್(ರ)ರ ಕುರಿತಾದ ಪ್ರಸಿದ್ಧ ವೃತ್ತಾಂತವೊಂದು ನೆನಪಾಗುತ್ತದೆ. ಒಂದು ರಾತ್ರಿ ಗಸ್ತು ತಿರುಗುತ್ತಿದ್ದ ಅವರು ಸದ್ದು ಕೇಳಿ ಗೋಡೆ ಹತ್ತಿ ಒಂದು ಮನೆಯೊಳಗಿಳಿದು, ಪಾಪದಲ್ಲಿ ತೊಡಗಿದ್ದವನನ್ನು ಗದರಿಸಿದರಂತೆ. ಆತ, ನನ್ನದು ಒಂದು ತಪ್ಪಾದರೆ ನಿಮ್ಮದು ಮೂರು ಎಂದನಂತೆ: ಗೂಢಚಾರಿಕೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಅನುಮತಿ ಕೇಳಲಿಲ್ಲ. ಖಲೀಫರು ಆತನನ್ನು ಬಿಟ್ಟು ಹೊರಟುಹೋದರಂತೆ. ಪ್ರಜೆಯ ಬಾಗಿಲಿಗೆ ಆಳುವವನೂ ಗೌರವ ಕೊಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾತು ಬೇಕೇ?

ನಮ್ಮ ಕೈಯಲ್ಲಿರುವುದು

ಸರಕಾರವನ್ನೂ ಕಂಪೆನಿಗಳನ್ನೂ ಬೈದು ಲೇಖನ ಮುಗಿಸುವುದು ಸುಲಭ. ಆದರೆ ಆ ಸಹೋದರಿಯ ಮಾನ ಕಳೆದದ್ದು ಸರಕಾರವೂ ಅಲ್ಲ, ಕಂಪೆನಿಯೂ ಅಲ್ಲ, ನಾನು. ನಮ್ಮಲ್ಲಿ ಪ್ರತಿಯೊಬ್ಬನ ಬಳಿಯೂ ಇತರರ ಗುರುತಿನ ಅಮಾನತು ಇದೆ. ಸ್ಕಾಲರ್‌ಶಿಪ್ ಅರ್ಜಿಗೆಂದು ಮಕ್ಕಳ ದಾಖಲೆ ಪಡೆದ ಶಿಕ್ಷಕ, ಸದಸ್ಯರ ಪುಸ್ತಕವಿಟ್ಟ ಜಮಾಅತಿನ ಕಾರ್ಯದರ್ಶಿ, ಹುಡುಗಿಯ ಬಯೋಡಾಟವನ್ನು ಹತ್ತು ಮನೆಗೆ ಕಳುಹಿಸುವ ದಲ್ಲಾಳಿ, ಗಿರಾಕಿಯ ಪ್ರತಿಯನ್ನು ಕಂಪ್ಯೂಟರಿನಲ್ಲೇ ಬಿಡುವ ಝೆರಾಕ್ಸ್ ಅಂಗಡಿಯವನು, ಇವರೆಲ್ಲರೂ ಅಮಾನತುದಾರರೇ. ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಕ್ಷಮಿಸಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಪಟ್ಟಿಯಲ್ಲಿದ್ದ ಎಲ್ಲರ ಮನೆಗೂ ಹೋಗಿ ನಾನು ಕ್ಷಮೆ ಕೇಳಬೇಕಾಯಿತು.

ಸಾಧ್ಯವಿರುವಲ್ಲಿ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಮುಸುಕಿದ ಆಧಾರ್ ಪ್ರತಿಯನ್ನೇ ಕೊಡಿ. ಝೆರಾಕ್ಸಿನ ಮೇಲೆ ಯಾವ ಉದ್ದೇಶಕ್ಕೆ, ಯಾವ ದಿನ ಎಂದು ಅಡ್ಡಲಾಗಿ ಬರೆದು ಸಹಿ ಹಾಕಿ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರಿನಲ್ಲೇ ಉಂಟು, ಬೇಡವಾದಾಗ ಹಾಕಿಡಿ. ಇವು ಕೊಡುವವನ ಎಚ್ಚರ. ಪಡೆಯುವವನ ಎಚ್ಚರ ಇದಕ್ಕಿಂತ ದೊಡ್ಡದು: ಬೇಡದ್ದನ್ನು ಕೇಳಬೇಡಿ, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬೇಡಿ, ಮೂರನೆಯವನಿಗೆ ದಾಟಿಸಬೇಡಿ.

ಮರುವರ್ಷದ ರಮಝಾನಿನಲ್ಲಿ ನಾವು ಪಟ್ಟಿ ಮಾಡಲಿಲ್ಲ. ಮೊಹಲ್ಲಾದ ನಾಲ್ವರು ಹಿರಿಯರಿಗೆ ಮೊಹರೊತ್ತಿದ, ಹೆಸರಿಲ್ಲದ ಚೀಟಿಗಳನ್ನು ಕೊಟ್ಟೆವು. ತಾವು ಬಲ್ಲ ಮನೆಗಳಿಗೆ ಅವರೇ ಮುಟ್ಟಿಸಿದರು, ಯಾವ ಮನೆಗೆಂದು ನಮಗೆ ಹೇಳಲಿಲ್ಲ. ಚೀಟಿ ತೋರಿಸಿದವರಿಗೆ ಪೇಟೆಯ ದಿನಸಿ ಅಂಗಡಿಯವರು, ಉಳಿದ ಗಿರಾಕಿಗಳ ಜೊತೆಯಲ್ಲೇ, ಸಾಮಾನು ಕಟ್ಟಿಕೊಟ್ಟರು. ಅವರು ನೋಡಿದ್ದು ಮೊಹರನ್ನು ಮಾತ್ರ. ಕೊನೆಗೆ ಎಷ್ಟು ಚೀಟಿ ಬಂದಿವೆಯೆಂದು ಲೆಕ್ಕ ಹಾಕಿ ಹಣ ಸಂದಾಯ ಮಾಡಿದೆವು. ಲೆಕ್ಕ ಸರಿಯಾಗಿತ್ತು.

ಆ ಸಹೋದರಿಗೆ ಚೀಟಿ ಮುಟ್ಟಿತೋ, ಅವರು ಅಂಗಡಿಗೆ ಹೋದರೋ ಎಂದು ನಾನು ಯಾರನ್ನೂ ವಿಚಾರಿಸಲಿಲ್ಲ. ಅದನ್ನು ತಿಳಿಯುವ ಅಧಿಕಾರ ನನಗಿಲ್ಲ.